ಶೀತಹವೆಯ ಕಾಂಕ್ರೀಟು: ಒಂದು ವ್ಯಾಖ್ಯೆಯ ವಿಮರ್ಶೆ

ಶೀತಹವೆಯಲ್ಲಿ ಕಾಂಕ್ರೀಟು ಹಾಕುವ ಕ್ರಮವನ್ನು ಕುರಿತ ಭಾರತೀಯ ಮಾನಕ 7861ರ ಎರಡನೆಯ ಭಾಗವು 1981ರಲ್ಲಿ ಪ್ರಕಟವಾಯಿತು. ವಾತಾವರಣದ ಉಷ್ಣತೆಯು ಸುಮಾರು 5 ಡಿಗ್ರಿ ಸೆಲ್ಸಿಯಸ್ ಅಥವಾ ಅದಕ್ಕಿಂತ ಕೆಳಗಿರುವಾಗ ನಡೆಯುವ ಕೆಲಸವನ್ನು ಅದು ಶೀತಹವೆಯ ಕೆಲಸವೆಂದು ಕರೆಯುತ್ತದೆ. ಅಮೆರಿಕನ್ ಕಾಂಕ್ರೀಟ್ ಇನ್‌ಸ್ಟಿಟ್ಯೂಟಿನ 1988ರ ವ್ಯಾಖ್ಯೆಯಲ್ಲಿ, ಚಳಿಯು ಮೂರು ದಿನಗಳಿಗಿಂತ ಹೆಚ್ಚು ಕಾಲ ಮುಂದುವರಿಯಬೇಕೆಂಬ ನಿಬಂಧನೆಯಿತ್ತು. 2010ರಲ್ಲಿ ಅದನ್ನು ಕೈಬಿಟ್ಟು, ರಕ್ಷಣೆಯ ಅವಧಿಯಲ್ಲಿ ಗಾಳಿಯ ಉಷ್ಣತೆಯು 4 ಡಿಗ್ರಿಗಿಂತ ಇಳಿಯುವ ನಿರೀಕ್ಷೆಯಿದ್ದರೂ ಸಾಕೆಂದು ತಿದ್ದಲಾಯಿತು. ಈ ತಿದ್ದುಪಡಿ ಯುಕ್ತವಾದುದೇ. ಆದರೂ ಇವೆಲ್ಲ ಅಳೆಯುವುದು ಗಾಳಿಯನ್ನು, ಗಟ್ಟಿಯಾಗಬೇಕಾದುದು ಕಾಂಕ್ರೀಟು. ಗ್ರಂಥದ ಒಡಲಿನಲ್ಲಿ ಕಾಂಕ್ರೀಟಿನ ಉಷ್ಣತೆಯ ವಿಚಾರವೂ ಬರುತ್ತದೆ, ನಿಜ. ಆದರೆ ವ್ಯಾಖ್ಯೆಯಲ್ಲಿಯೇ ನಿಂತುಬಿಡುವ ಓದುಗನಿಗೆ ಅದು ದೊರೆಯುವುದಿಲ್ಲ.

ಚಳಿಯಿಂದ ಒದಗುವ ಅಪಾಯಗಳು ಎರಡು. ನೀರು ಹೆಪ್ಪುಗಟ್ಟಿದಾಗ ಅದರ ಗಾತ್ರವು ನೂರಕ್ಕೆ ಸುಮಾರು 9ರಷ್ಟು ಹೆಚ್ಚಿ, ಎಳೆಯ ಕಾಂಕ್ರೀಟಿನ ಒಡಲನ್ನು ಸೀಳುವುದು ಮೊದಲನೆಯದು. ಸುಮಾರು 3.5 ಮೆಗಾಪ್ಯಾಸ್ಕಲ್ ಬಲ ಬಂದ ಕಾಂಕ್ರೀಟು, ಹೊರಗಿನಿಂದ ನೀರು ಸೇರದಿದ್ದರೆ, ಒಮ್ಮೆ ಹೆಪ್ಪುಗಟ್ಟಿದರೂ ತಾಳಿಕೊಳ್ಳಬಲ್ಲುದು. ಎರಡನೆಯದು, ಸಿಮೆಂಟು ನೀರುಗಳ ಸಂಯೋಗವು ಮಂದವಾಗಿ ಬಲವು ತಡವಾಗಿ ಬರುವುದು. ಹಿಮವನ್ನು ತಾಳುವ ಬಲವು ಭಾರವನ್ನು ಹೊರುವ ಬಲವಲ್ಲ. ಇವೆರಡನ್ನು ಒಂದೆಂದು ಭಾವಿಸುವುದು ಪ್ರಾಣಾಂತಿಕವಾದೀತು.

1978ರ ಏಪ್ರಿಲ್ 27ರಂದು ಅಮೆರಿಕದ ಪಶ್ಚಿಮ ವರ್ಜೀನಿಯಾದ ವಿಲ್ಲೋ ಐಲೆಂಡಿನಲ್ಲಿ, ಕಟ್ಟುತ್ತಿದ್ದ ಶೈತ್ಯಗೋಪುರದ ಮೇಲ್ಭಾಗ ಕುಸಿದು 51 ಮಂದಿ ಕೆಲಸಗಾರರು ಮಡಿದರು. ಅವರು ನಿಂತಿದ್ದ ಅಟ್ಟಣೆಯ ಭಾರವನ್ನು ಹೊತ್ತಿದ್ದುದು ಹಿಂದಿನ ದಿನವಷ್ಟೇ ಹಾಕಿದ ಕಾಂಕ್ರೀಟು. ಅದಕ್ಕೆ ಸಾಕಷ್ಟು ಬಲ ಬಂದಿರಲಿಲ್ಲವೆಂಬುದೇ ದುರಂತಕ್ಕೆ ಕಾರಣವಾಗಿರಬೇಕೆಂದು ಅಲ್ಲಿನ ನ್ಯಾಷನಲ್ ಬ್ಯೂರೋ ಆಫ್ ಸ್ಟ್ಯಾಂಡರ್ಡ್ಸ್ ನಿರ್ಣಯಿಸಿತು. ಅಲ್ಲಿ ಕೊಂದುದು ಹಿಮವಲ್ಲ, ಬಲದ ಕೊರತೆ.

ಹಾಗಾದರೆ ಅಳತೆ ಯಾವುದು? 1951ರಲ್ಲಿ ಸಾಲ್ ಎಂಬ ವಿದ್ವಾಂಸರು ಸೂಚಿಸಿದ ಪಕ್ವತೆಯ ಸೂತ್ರವು ಉಷ್ಣತೆ ಕಾಲಗಳೆರಡನ್ನೂ ಒಟ್ಟಿಗೆ ಗಣಿಸುತ್ತದೆ. ಬಲವೃದ್ಧಿಯು ಮೈನಸ್ 10 ಡಿಗ್ರಿಯಲ್ಲಿ ನಿಲ್ಲುವುದೆಂದು ಹಿಡಿದರೆ, 20 ಡಿಗ್ರಿಯಲ್ಲಿ 2 ದಿನಕ್ಕೆ ಬರುವ ಪಕ್ವತೆಗೆ 5 ಡಿಗ್ರಿಯಲ್ಲಿ 4 ದಿನ ಬೇಕು. ಸೂತ್ರವು ಸ್ಥೂಲವಾದುದು, ಒಂದು ಮಿಶ್ರಣಕ್ಕೆ ಹೊಂದಿದ್ದು ಮತ್ತೊಂದಕ್ಕೆ ಹೊಂದಲಾರದು. ಆದರೂ ಕೇವಲ ದಿನಗಣನೆಗಿಂತ ಅದು ಮೇಲು. ಪ್ರಯೋಗಶಾಲೆಯ 27 ಡಿಗ್ರಿಯ ನೀರಿನಲ್ಲಿ ಬೆಳೆದ ಘನವು ಮಿಶ್ರಣದ ಗುಣವನ್ನು ಹೇಳೀತೇ ಹೊರತು, ಚಳಿಯಲ್ಲಿ ನಿಂತ ಗೋಡೆಯ ಬಲವನ್ನು ಹೇಳಲಾರದು.

ಆದುದರಿಂದ ಸೆಂಟ್ರಿಂಗ್ ಬಿಚ್ಚುವ ಅಪ್ಪಣೆಗೆ ತಾರೀಖು ಆಧಾರವಾಗಕೂಡದು. ಕಾಂಕ್ರೀಟಿನೊಳಗಿನ ಉಷ್ಣತೆಯ ದಾಖಲೆಯೂ, ಅದರ ಪಕ್ಕದಲ್ಲಿಯೇ ಅದೇ ಚಳಿಯಲ್ಲಿ ಬೆಳೆದ ಘನದ ಪರೀಕ್ಷೆಯೂ ಆಧಾರವಾಗಬೇಕು. ಸಂಹಿತೆಯ ವ್ಯಾಖ್ಯೆಯೇ ಇದನ್ನು ಮೊದಲ ಸಾಲಿನಲ್ಲಿ ಹೇಳುವುದು ಉಚಿತ.