ಪಚ್ಚೆಯ ನೆರೆಮನೆಯ ಪ್ಯಾರಿಸೈಟ್

ಕೊಲಂಬಿಯಾದ ಮೂಸೊ ಗಣಿಯೆಂದರೆ ಎಲ್ಲರಿಗೂ ನೆನಪಾಗುವುದು ಪಚ್ಚೆ. ಅದೇ ಕಪ್ಪು ಶೇಲ್ ಕಲ್ಲಿನ ಸೀಳುಗಳಲ್ಲಿ ಜೇನುಬಣ್ಣದ ಇನ್ನೊಂದು ಹರಳೂ ಸಿಗುತ್ತದೆ. ಅದೇ ಪ್ಯಾರಿಸೈಟ್. 1845ರಲ್ಲಿ ಖನಿಜಶಾಸ್ತ್ರದ ಪಟ್ಟಿಗೆ ಸೇರಿದ ಇದನ್ನು ಮೊದಲು ವಿಶ್ಲೇಷಿಸಿದವರಲ್ಲಿ ರಸಾಯನವಿಜ್ಞಾನಿ ಬುನ್ಸೆನ್ ಒಬ್ಬ.

ಎರಡೂ ತುದಿ ಕಿರಿದಾದ ಆರು ಮುಖದ ಹರಳು, ಮೈತುಂಬ ಅಡ್ಡಗೆರೆ. ಈ ಗೆರೆಗಳಿಗೂ ಒಳಗಿನ ರಚನೆಗೂ ನಂಟಿದೆ. ಕ್ಯಾಲ್ಸಿಯಂ, ಸೀರಿಯಂ, ಫ್ಲೋರಿನ್‌ಗಳ ಈ ಕಾರ್ಬೊನೇಟಿನಲ್ಲಿ ಎರಡು ಖನಿಜಗಳ ಪದರಗಳು ಚಿರೋಟಿಯ ಎಳೆಗಳಂತೆ ಒಂದರ ಮೇಲೊಂದು ಕೂತಿವೆ: ಒಂದು ಬಾಸ್ಟ್ನಸೈಟ್, ಇನ್ನೊಂದು ಸಿಂಕಿಸೈಟ್. ಪದರಗಳ ಸರದಿ ಬದಲಾದರೆ ಖನಿಜವೇ ಬೇರೆಯಾಗುತ್ತದೆ. ಸ್ಫಟಿಕವಿಜ್ಞಾನಿಗಳಾದ ಡೊನೇ ದಂಪತಿ 1953ರಲ್ಲಿ ಎಕ್ಸ್-ರೇ ಮೂಲಕ ಈ ಸರದಿಯನ್ನು ಬಿಡಿಸುತ್ತ ರೋಂಟ್ಗೆನೈಟ್ ಎಂಬ ಹೊಸ ಸೋದರನನ್ನೇ ಕಂಡುಹಿಡಿದರು.

ಗಡಸುತನ ಸುಮಾರು 4.5. ಚಾಕುವಿನಿಂದಲೇ ಗೀರಬಹುದು, ಉಂಗುರಕ್ಕೆ ಒಗ್ಗದು. ತೂಕ ಮಾತ್ರ ನೀರಿನ ನಾಲ್ಕು ಪಟ್ಟಿಗೂ ಹೆಚ್ಚು. ಸೀರಿಯಂ, ಲ್ಯಾಂಥನಂಗಳಂಥ ಭಾರದ ವಿರಳ ಭೂಲೋಹಗಳೇ ಕಾರಣ. ರೋಹಿತದರ್ಶಕದಲ್ಲಿ ನೋಡಿದರೆ ಹಳದಿ ಭಾಗದಲ್ಲಿ ಕಪ್ಪು ಗೆರೆಗಳು ಮೂಡಿ, ಇನ್ನೊಂದು ವಿರಳ ಭೂಲೋಹ ನಿಯೋಡಿಮಿಯಂ ತನ್ನ ಹಾಜರಿ ಹಾಕುತ್ತದೆ.

ಪಚ್ಚೆಯೊಳಗೆ ಈ ಕಂದು ಹರಳಿನ ತುಣುಕು ಸಿಕ್ಕಿದರೆ, ಕಲ್ಲು ಕೊಲಂಬಿಯಾದ್ದು, ಬಹುಶಃ ಮೂಸೊದ್ದೇ ಎಂದು ರತ್ನಪರೀಕ್ಷಕರು ಅಂದಾಜಿಸುತ್ತಾರೆ. ಬೇರೆ ರತ್ನದಲ್ಲಿ ಕಲೆ ಎನಿಸಿಕೊಳ್ಳಬಹುದಾದ ಚೂರು ಇಲ್ಲಿ ಊರಿನ ಗುರುತುಚೀಟಿ. ಆಭರಣವಾಗದೆಯೂ ಆಭರಣದ ಬೆಲೆ ಏರಿಸಬಲ್ಲ ಕಲ್ಲು ಎಷ್ಟಿವೆ?