ಖೈರಾತು ಮತ್ತು ಹಕ್ಕು

ಬಾನು ಮುಷ್ತಾಕ್ ಅವರ ‘ಕರಿ ನಾಗರಗಳು’ ಕಥೆಯನ್ನು ಮಸೀದಿಯ ವಿರುದ್ಧದ ಕಥೆಯೆಂದು ಓದುವವರಿದ್ದಾರೆ. ನನಗೆ ಹಾಗನ್ನಿಸಿಲ್ಲ. ಗಂಡ ಕೈಬಿಟ್ಟ ಅಶ್ರಫ್ ಮಕ್ಕಳೊಂದಿಗೆ ಮಸೀದಿಗೆ ಬರುವುದು ಅದರ ಮೇಲಿನ ನಂಬಿಕೆಯಿಂದ. ಅವಳು ಕೇಳುವುದು ಖೈರಾತನ್ನಲ್ಲ, ನ್ಯಾಯವನ್ನು. ಮುತವಲ್ಲಿಗೆ ಈ ವ್ಯತ್ಯಾಸವೇ ಕೇಳಿಸುವುದಿಲ್ಲ. ಅವಳ ಮಗು ಉಳಿಯುವುದಿಲ್ಲ.

ಮುತವಲ್ಲಿಯ ಚಿತ್ರ ತುಸು ಏಕಮುಖವೇ. ಅಂಥವನನ್ನು ಸಹಿಸಿಕೊಂಡು ಸುಮ್ಮನಿರುವ ನಮ್ಮಂಥವರ ಮನಸ್ಸನ್ನು ಕಥೆ ಇನ್ನಷ್ಟು ಕೆದಕಬಹುದಿತ್ತು.

ರಂಜಾನಿನಲ್ಲಿ ಜಕಾತಿಗಾಗಿ ಸಾಲು ನಿಂತ ವಿಧವೆಯರನ್ನು ಚಿಕ್ಕಂದಿನಿಂದ ನೋಡಿದ್ದೇನೆ. ಕೊಡುವವರ ಹೆಸರು ಎಲ್ಲರ ಬಾಯಲ್ಲಿ. ಪಡೆಯುವವರ ಮುಖ ಸೆರಗಿನ ಮರೆಯಲ್ಲಿ. ಆದರೆ ಉಳ್ಳವರ ಸಂಪತ್ತಿನಲ್ಲಿ ಬೇಡುವವರಿಗೆ ಹಕ್ಕಿದೆ ಎನ್ನುತ್ತದೆ ಕುರ್‌ಆನ್. ಉಳಿತಾಯದಲ್ಲಿ ನೂರಕ್ಕೆ ಎರಡೂವರೆ ಕೊಟ್ಟವನು ಉಪಕಾರ ಮಾಡಿದಂತಲ್ಲ, ಬಾಕಿ ತೀರಿಸಿದಂತೆ.

ಹುಕ್ಕೇರಿಗೆ ಬಂದ ನೆಂಟರಿಗೆ ಆದಿಲ್‌ಶಾಹಿ ಗುಮ್ಮಟಗಳನ್ನು ಹೆಮ್ಮೆಯಿಂದ ತೋರಿಸುತ್ತೇವೆ. 1969ರಲ್ಲಿ ಇಲ್ಲಿ ಹುಟ್ಟಿದ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘವನ್ನೂ ತೋರಿಸಬೇಕು. ಸಹಕಾರಿ ಸಂಘದ ಸದಸ್ಯನಿಗೆ ಒಂದು ಮತವಿದೆ, ಲೆಕ್ಕ ಕೇಳುವ ಅಧಿಕಾರವಿದೆ. ನಮ್ಮ ಎಷ್ಟು ಜಮಾಅತುಗಳಲ್ಲಿ ಅಶ್ರಫಳಂಥವಳಿಗೆ ಇವೆರಡೂ ಇವೆ? ಹಸಿದಾಗ ಅನ್ನವೇ ಮೊದಲು, ಒಪ್ಪಿದೆ. ಅನ್ನ ಕೊಟ್ಟ ಕೈಯನ್ನು ಹಗುರವಾಗಿ ಕಾಣಲಾರೆ. ಆದರೆ ಉಂಡವಳು ಸಭೆಯಲ್ಲಿ ಎದ್ದು ಮಾತನಾಡುವಂತಾದಾಗಲೇ ದಾನ ಊರಿನ ಕೆಲಸವಾಗುತ್ತದೆ.

ಗಿರೀಶ್ ಕಾಸರವಳ್ಳಿ ಈ ಕಥೆಯಿಂದ 2004ರಲ್ಲಿ ‘ಹಸೀನಾ’ ಚಿತ್ರ ಮಾಡಿದರು. 2025ರಲ್ಲಿ ಅಂತಾರಾಷ್ಟ್ರೀಯ ಬೂಕರ್ ಪಡೆದ ‘ಹಾರ್ಟ್ ಲ್ಯಾಂಪ್’ ಸಂಕಲನದಲ್ಲೂ ಇದಿದೆ. ಲೋಕ ಓದಿತು. ನಮ್ಮ ಮೊಹಲ್ಲಾ ಓದುವುದು ಯಾವಾಗ?