ಹನ್ನೆರಡೂವರೆಯ ಮೋಹ

ಪರ್ಫಾರ್ಮೆನ್ಸ್ ಕಾರು ಇಟ್ಟುಕೊಂಡವರ ಡ್ಯಾಶ್‌ಬೋರ್ಡಿನಲ್ಲಿ ಈಗ ಒಂದು ದುಂಡನೆಯ ಮೀಟರು ಹೆಚ್ಚುಕಡಿಮೆ ಕಡ್ಡಾಯವೆಂಬಂತೆ ಕೂತಿರುತ್ತದೆ. ಎಂಜಿನ್ನಿನಲ್ಲಿ ಎಷ್ಟು ಪಾಲು ಗಾಳಿಗೆ ಒಂದು ಪಾಲು ಪೆಟ್ರೋಲು ಸೇರಿ ಉರಿಯುತ್ತಿದೆ ಎಂಬುದನ್ನು ಅದು ಅಂಕಿಯಲ್ಲಿ ಹೇಳುತ್ತದೆ. ಆಕ್ಸಿಲರೇಟರನ್ನು ಪೂರ್ತಿ ತುಳಿದಾಗ ಅಲ್ಲಿ 12.5 ಕಂಡರೆ ಮಾಲೀಕನಿಗೆ ನೆಮ್ಮದಿ, ಟ್ಯೂನ್ ಮಾಡಿದವನಿಗೆ ಹೆಮ್ಮೆ. ಈ ಅಂಕಿ ನೋಡಿ ಟ್ಯೂನ್ ಮಾಡುವ ಪದ್ಧತಿ ಹಿಂದಿನ ಎಲ್ಲ ಪದ್ಧತಿಗಳಿಗಿಂತ ಮೇಲು, ಅದರಲ್ಲಿ ಅನುಮಾನವಿಲ್ಲ. ಆದರೆ ಅಂಕಿ ಎಲ್ಲಿಂದ ಬಂತು ಎಂದು ವಿಚಾರಿಸದೆ ಅದನ್ನೇ ಗುರಿ ಮಾಡಿಕೊಂಡವರ ಕೈಯಲ್ಲಿ ಎಂಜಿನ್ ಉಳಿಸಬೇಕಾದ ಸಾಧನ ಬರೀ ಭಂಡಧೈರ್ಯ ಕೊಡುವ ಒಡವೆಯಾಗಿದೆ.

ಕಾರ್ಬ್ಯುರೇಟರ್ ಕಾಲದಲ್ಲಿ ಮಿಶ್ರಣದ ವಿಷಯ ತಿಳಿಯಬೇಕಾದರೆ ಸ್ಪಾರ್ಕ್ ಪ್ಲಗ್ ಬಿಚ್ಚಿ ನೋಡಬೇಕಿತ್ತು. ಮೈಸೂರಿನಲ್ಲಿ ತಯಾರಾಗುತ್ತಿದ್ದ ಯೆಜ್ದಿ ಬೈಕುಗಳನ್ನು ಪಳಗಿಸಿದ ಮೆಕ್ಯಾನಿಕ್‌ಗಳಿಗೆ ಇದು ಕರಗತ. ಪ್ಲಗ್ಗಿನ ತುದಿ ಬಿಸ್ಕತ್ತಿನ ಬಣ್ಣಕ್ಕಿದ್ದರೆ ಸರಿ, ಬಿಳಿಚಿದ್ದರೆ ಲೀನ್, ಅಂದರೆ ಪೆಟ್ರೋಲು ಸಾಲದು. ಮಸಿ ಹಿಡಿದಿದ್ದರೆ ರಿಚ್, ಅಂದರೆ ಪೆಟ್ರೋಲು ಹೆಚ್ಚು. ಅನುಭವಿಗಳ ಕಣ್ಣಿಗೆ ಇದು ದಕ್ಕುತ್ತಿತ್ತು ನಿಜ. ಆದರೆ ಯಾವ ಆರ್‌ಪಿಎಮ್‌ನಲ್ಲಿ ಎಷ್ಟು ಎಂಬ ಪ್ರಶ್ನೆಗೆ ಪ್ಲಗ್ಗಿನಲ್ಲಿ ಉತ್ತರವಿರಲಿಲ್ಲ.

1976ರಲ್ಲಿ ಬಾಷ್ ಕಂಪನಿಯ ಲ್ಯಾಂಬ್ಡಾ ಸೆನ್ಸರು ವೋಲ್ವೊ ಕಾರಿನೊಂದಿಗೆ ಅಮೆರಿಕದ ರಸ್ತೆಗಿಳಿಯಿತು. ಅದರ ಉದ್ದೇಶ ವೇಗವಲ್ಲ, ಹೊಗೆಯ ಶುದ್ಧಿ. ಶುದ್ಧ ಪೆಟ್ರೋಲು ಒಂದು ಪಾಲಿಗೆ ತೂಕದಲ್ಲಿ 14.7 ಪಾಲು ಗಾಳಿ ಸಿಕ್ಕರೆ ಎರಡೂ ಲೆಕ್ಕಕ್ಕೆ ಸರಿಯಾಗಿ ಉರಿದುಹೋಗುತ್ತವೆ. ಈ ಸ್ಥಿತಿಯನ್ನು ಲ್ಯಾಂಬ್ಡಾ 1 ಎನ್ನುತ್ತಾರೆ. ನ್ಯಾರೋಬ್ಯಾಂಡ್ ಎನಿಸಿಕೊಂಡ ಈ ಹಳೆಯ ಬಗೆಯ ಸೆನ್ಸರಿನ ವೋಲ್ಟೇಜು ಈ ಒಂದು ಬಿಂದುವಿನ ಆಚೀಚೆ ಸರಕ್ಕನೆ ಜಿಗಿಯುತ್ತದೆ, ಅಷ್ಟೇ. ಪೂರ್ಣ ಶಕ್ತಿ ಬೇಕಾದಾಗ ಎಂಜಿನ್ನಿಗೆ ಬೇಕಾದದ್ದು ಲ್ಯಾಂಬ್ಡಾ 0.85ರಿಂದ 0.9, ಟರ್ಬೊ ಇದ್ದರೆ 0.8ರ ಆಸುಪಾಸು. ಅಲ್ಲಿ ಈ ಸೆನ್ಸರು ‘ರಿಚ್’ ಎಂದಷ್ಟೇ ಹೇಳಿ ಸುಮ್ಮನಾಗುತ್ತದೆ. ಇದಕ್ಕೆ ಬಣ್ಣಬಣ್ಣದ ಎಲ್‌ಇಡಿ ಜೋಡಿಸಿ ಮಾರಿದ ಮೀಟರುಗಳು ಕಣ್ಣಿಗೆ ಹಬ್ಬ, ಟ್ಯೂನಿಂಗಿಗೆ ನಿರುಪಯೋಗಿ. 1990ರ ದಶಕದಲ್ಲಿ ಬಂದ ವೈಡ್‌ಬ್ಯಾಂಡ್ ಸೆನ್ಸರು ಈ ಕೊರತೆ ನೀಗಿತು. ಅದರೊಳಗಿನ ಪುಟ್ಟ ಕೋಣೆಗೆ ಆಮ್ಲಜನಕವನ್ನು ಪಂಪ್ ಮಾಡುತ್ತ, ಹೊರಗೆ ಎಳೆಯುತ್ತ ಅಲ್ಲಿ ಸದಾ ಲ್ಯಾಂಬ್ಡಾ 1 ಇರುವಂತೆ ನೋಡಿಕೊಳ್ಳಲಾಗುತ್ತದೆ. ಅದಕ್ಕೆ ಬೇಕಾದ ಕರೆಂಟೇ ಮಿಶ್ರಣದ ಅಳತೆ. ಪ್ರಯೋಗಾಲಯದ ನಿಖರತೆ ಸಾಮಾನ್ಯ ಗ್ಯಾರೇಜಿಗೆ ಇಳಿದದ್ದು ಹೀಗೆ.

ತೊಡಕು ಶುರುವಾಗುವುದು ಇದರ ನಂತರ. ಸೆನ್ಸರು ಎಂಜಿನ್ನಿನ ಒಳಗಿಲ್ಲ, ಸೈಲೆನ್ಸರ್ ಪೈಪಿನಲ್ಲಿದೆ. ಊಟ ಮುಗಿದ ಮೇಲೆ ಎಲೆಯಲ್ಲಿ ಉಳಿದದ್ದನ್ನು ನೋಡಿ ಎಷ್ಟು ಬಡಿಸಿದ್ದರು ಎಂದು ಲೆಕ್ಕ ಹಾಕುವ ಕೆಲಸ ಅದರದು. ಉಣ್ಣದೆ ಎದ್ದವನ ಎಲೆಯೂ ಅದರ ಲೆಕ್ಕಕ್ಕೆ ಸೇರುತ್ತದೆ. ಒಂದು ಸಿಲಿಂಡರಿನಲ್ಲಿ ಕಿಡಿ ಹತ್ತದೆ ಮಿಸ್‌ಫೈರ್ ಆದರೆ ಉರಿಯದ ಪೆಟ್ರೋಲಿನೊಂದಿಗೆ ಉರಿಯದ ಆಮ್ಲಜನಕವೂ ಹೊರಬರುತ್ತದೆ; ಮೀಟರು ‘ಲೀನ್’ ಎನ್ನುತ್ತದೆ. ಸೆನ್ಸರಿಗಿಂತ ಮುಂಚೆ ಪೈಪಿನ ಜಾಯಿಂಟು ಸೋರಿ ಹೊರಗಿನ ಗಾಳಿ ನುಗ್ಗಿದರೂ ಅದೇ ಮಾತು. ಅಂಕಿಯನ್ನೇ ನಂಬಿದ ಟ್ಯೂನರು ಆಗ ಪೆಟ್ರೋಲು ಹೆಚ್ಚಿಸುತ್ತಾನೆ. ರೋಗವಿದ್ದದ್ದು ಇಗ್ನಿಷನ್ ಕಾಯಿಲಿನಲ್ಲೋ ಗ್ಯಾಸ್ಕೆಟ್ಟಿನಲ್ಲೋ. ಮದ್ದು ಬಿದ್ದದ್ದು ಇಂಜೆಕ್ಟರಿಗೆ. ಇನ್ನು, ನಾಲ್ಕು ಸಿಲಿಂಡರುಗಳ ಹೊಗೆ ಕೂಡುವ ಕಡೆ ಸಿಗುವುದು ಸರಾಸರಿ ಮಾತ್ರ. ಕಸ ಕಟ್ಟಿದ ಇಂಜೆಕ್ಟರಿನಿಂದ ಒಂದು ಪಿಸ್ಟನ್ ಬೇಯುತ್ತಿದ್ದರೂ ಉಳಿದ ಮೂರು ಸೇರಿ ಮೀಟರಿನ ಅಂಕಿಯನ್ನು ಮರ್ಯಾದೆಯಾಗಿಯೇ ಇಡಬಲ್ಲವು.

ಗ್ಯಾರೇಜುಗಳ ಇನ್ನೊಂದು ವೇದವಾಕ್ಯ ‘ರಿಚ್ ಇದ್ದರೆ ಸೇಫ್’. ಇದು ಅರ್ಧ ಸತ್ಯ. ಹೆಚ್ಚುವರಿ ಪೆಟ್ರೋಲು ಆವಿಯಾಗುವಾಗ ಶಾಖ ಹೀರುತ್ತದೆ, ಉರಿಯ ತಾಪ ಇಳಿಯುತ್ತದೆ, ಮಿಶ್ರಣ ತಾನಾಗಿ ಸಿಡಿಯುವ ನಾಕಿಂಗ್ ತಗ್ಗುತ್ತದೆ, ಇಷ್ಟು ನಿಜ. ಆದರೆ ಅದೇ ಹೆಚ್ಚುವರಿ ಪೆಟ್ರೋಲು ಸಿಲಿಂಡರಿನ ಗೋಡೆಯ ಆಯಿಲ್ ತೊಳೆಯುತ್ತದೆ, ಕೆಳಗಿನ ಆಯಿಲ್ ತೊಟ್ಟಿಗೆ ಇಳಿದು ಆಯಿಲನ್ನು ತೆಳ್ಳಗಾಗಿಸುತ್ತದೆ, ಕ್ಯಾಟಲಿಟಿಕ್ ಕನ್ವರ್ಟರಿನ ಆಯಸ್ಸು ತಿನ್ನುತ್ತದೆ. ಎಲ್ಲಕ್ಕಿಂತ ಕೆಟ್ಟದ್ದೆಂದರೆ, ಮಿತಿಮೀರಿ ಮುಂದೆ ತಳ್ಳಿದ ಇಗ್ನಿಷನ್ ಟೈಮಿಂಗನ್ನು ಅದು ಮುಚ್ಚಿಡುತ್ತದೆ. ನಾಕಿಂಗ್ ಆಗುತ್ತಿದೆ ಎಂದು ಟೈಮಿಂಗ್ ಹಿಂದೆ ತರುವ ಬದಲು ಪೆಟ್ರೋಲು ಸುರಿದರೆ ಶಕ್ತಿ ಅಳೆದು ಕೊಡುವ ಡೈನೋ ಶೀಟಿನಲ್ಲಿ ಕುದುರೆಶಕ್ತಿ ಚೆನ್ನಾಗಿಯೇ ಕಾಣಬಹುದು. ಕಡುಬೇಸಿಗೆಯ ಒಂದು ಮಧ್ಯಾಹ್ನ, ಒಳಹೋಗುವ ಗಾಳಿ ಕಾದಾಗ, ಆ ಮುಸುಕು ಕಳಚುತ್ತದೆ.

ಇ20 ಬಂದ ಮೇಲೆ ಗೊಂದಲ ಇನ್ನೂ ಹೆಚ್ಚಿತು. 2023ರ ಫೆಬ್ರುವರಿಯಲ್ಲಿ ಬೆಂಗಳೂರಿನ ಇಂಡಿಯಾ ಎನರ್ಜಿ ವೀಕ್‌ನಲ್ಲಿ ಬಿಡುಗಡೆಯಾದ ಈ ಪೆಟ್ರೋಲಿನಲ್ಲಿ ಶೇ. 20 ಎಥನಾಲ್ ಇದೆ. ಎಥನಾಲ್ ಒಂದು ಪಾಲು ಉರಿಯಲು ಸುಮಾರು 9 ಪಾಲು ಗಾಳಿ ಸಾಕು. ಹಾಗಾಗಿ ಇ20ಗೆ 14.7 ಅಲ್ಲ, ಸುಮಾರು 13.5. ಆದರೆ ಮೀಟರು ನಿಜವಾಗಿ ಅಳೆಯುವುದು ಲ್ಯಾಂಬ್ಡಾವನ್ನು, ಅದನ್ನು 14.7ರಿಂದ ಗುಣಿಸಿ ತೋರಿಸುತ್ತದೆ, ಅಷ್ಟೇ. ಟ್ಯಾಂಕಿನಲ್ಲಿ ಇ20 ಇದೆಯೆಂಬುದು ಅದಕ್ಕೆ ಗೊತ್ತಿಲ್ಲ. ಲ್ಯಾಂಬ್ಡಾ 0.85 ಎಂದರೆ ಇ20ಗೆ ನಿಜದಲ್ಲಿ ಸುಮಾರು 11.5, ಮೀಟರು ಮಾತ್ರ 12.5 ಎನ್ನುತ್ತದೆ. ಇದನ್ನು ಅರಿಯದೆ ಇ20ಯ ಕೋಷ್ಟಕ ನೋಡಿ ಮೀಟರಿನಲ್ಲೂ 11.5 ತರಲು ಹೊರಟರೆ ಲ್ಯಾಂಬ್ಡಾ 0.78ಕ್ಕೆ ಇಳಿಯುತ್ತದೆ, ಅನಗತ್ಯವಾಗಿ ರಿಚ್. ಪರಿಹಾರ ಸುಲಭ: ಮೀಟರನ್ನು ಲ್ಯಾಂಬ್ಡಾಕ್ಕೆ ತಿರುಗಿಸಿ. ಯಾವ ಇಂಧನವಾದರೂ 1 ಎಂದರೆ 1. ಎಷ್ಟೋ ಮೀಟರುಗಳಲ್ಲಿ ಈ ಸೌಲಭ್ಯವಿದ್ದೂ ಬಳಸುವವರು ಕಡಿಮೆ.

ನಮ್ಮ ನೆಲಕ್ಕೇ ಅಂಟಿದ ಒಂದು ಲೋಪವನ್ನೂ ಹೇಳಬೇಕು. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರದಲ್ಲಿದೆ. ಇಲ್ಲಿನ ವಾಯು ಒತ್ತಡ ಸುಮಾರು 91 ಕಿಲೊಪ್ಯಾಸ್ಕಲ್. ಟರ್ಬೊ ಇಲ್ಲದ, ಒತ್ತಡ ಅಳೆದು ಪೆಟ್ರೋಲು ಹಾಕುವ ಎಂಜಿನ್ನನ್ನು ಇಲ್ಲಿ ಎಷ್ಟೇ ಶ್ರದ್ಧೆಯಿಂದ ಟ್ಯೂನ್ ಮಾಡಿದರೂ ಪೆಟ್ರೋಲಿನ ಕೋಷ್ಟಕವಾದ ಮ್ಯಾಪಿನಲ್ಲಿ ಆ ಒತ್ತಡಕ್ಕಿಂತ ಮೇಲಿನ ಸಾಲುಗಳಿಗೆ ಎಂಜಿನ್ ಹತ್ತುವುದೇ ಇಲ್ಲ. ಆ ಸಾಲುಗಳಲ್ಲಿ ಇರುವುದು ಟ್ಯೂನರಿನ ಅಂದಾಜು. ಅದೇ ಕಾರು ಚೆನ್ನೈ ಬಳಿಯ ಇರುಂಗಾಟ್ಟುಕೋಟ್ಟೈ ಟ್ರ್ಯಾಕಿಗೆ ಹೋದಾಗ, ಸಮುದ್ರಮಟ್ಟದ ದಟ್ಟ ಗಾಳಿಯಲ್ಲಿ ಮೊದಲ ಲ್ಯಾಪಿನಲ್ಲೇ ಅಲ್ಲಿಗೆ ಹತ್ತುತ್ತದೆ. ಹಾಗಾಗಿ ಘಟ್ಟ ಇಳಿದ ಮೇಲೆ ಇನ್ನೊಮ್ಮೆ ಪರೀಕ್ಷಿಸದ ಟ್ಯೂನು ಅಪೂರ್ಣ.

ಹಾಗಾದರೆ ಮೀಟರು ಬೇಡವೇ? ಖಂಡಿತ ಬೇಕು. ಮೇಲಿನ ಆರ್‌ಪಿಎಮ್‌ನಲ್ಲಿ ಮಿಶ್ರಣ ನಿಧಾನಕ್ಕೆ ಲೀನ್ ಆಗುತ್ತ ಹೋದರೆ ಫ್ಯುಯಲ್ ಪಂಪು ಸೋಲುತ್ತಿದೆ ಅಥವಾ ಇಂಜೆಕ್ಟರು ಮಿತಿ ಮುಟ್ಟಿದೆ ಎಂಬ ಸುಳಿವು ಮೊದಲು ಸಿಗುವುದು ಇಲ್ಲೇ. ಆದರೆ ಪೂರ್ತಿ ವೇಗದಲ್ಲಿ ಓಡಿಸುವವನ ಕಣ್ಣು ರಸ್ತೆಯ ಮೇಲಿರಬೇಕು, ಮೀಟರಿನ ಮೇಲಲ್ಲ. ನೋಡಬೇಕಾದದ್ದು ಓಟ ಮುಗಿದ ಮೇಲೆ ಲಾಗಿನಲ್ಲಿ: ಲ್ಯಾಂಬ್ಡಾ ಜೊತೆಗೆ ಆರ್‌ಪಿಎಮ್, ಒಳಗಾಳಿಯ ಒತ್ತಡ ಮತ್ತು ತಾಪ, ಇಗ್ನಿಷನ್ ಟೈಮಿಂಗ್, ನಾಕ್ ಸೆನ್ಸರಿನ ದೂರು, ಇಂಧನದ ಒತ್ತಡ. ಒಂದೇ ಕಾಲರೇಖೆಯ ಮೇಲೆ ಇವನ್ನೆಲ್ಲ ಜೋಡಿಸಿದಾಗಲೇ ಲ್ಯಾಂಬ್ಡಾ ಅಂಕಿಗೆ ಅರ್ಥ. ಮೀಟರಿನಿಂದ ಎಂಜಿನ್ನಿನ ಕಂಪ್ಯೂಟರಾದ ಇಸಿಯುಗೆ ವೋಲ್ಟೇಜಿನ ಮೂಲಕ ಸಂಕೇತ ಹೋಗುವ ಕಡೆ ಅರ್ತ್ ಸರಿಯಿದೆಯೇ ಎಂದೂ ನೋಡಬೇಕು. 0ರಿಂದ 5 ವೋಲ್ಟಿಗೆ 10ರಿಂದ 20ರ ಅನುಪಾತ ಹೊಂದಿಸಿದ್ದರೆ 0.2 ವೋಲ್ಟಿನ ವ್ಯತ್ಯಾಸ ಅನುಪಾತದಲ್ಲಿ 0.4ರಷ್ಟು ಸುಳ್ಳು ಹೇಳಿಸುತ್ತದೆ.

ಒಟ್ಟಿನಲ್ಲಿ ವೈಡ್‌ಬ್ಯಾಂಡ್ ಸೆನ್ಸರು ಉತ್ತಮ ಉಪಕರಣ. ಅದರ ಸುತ್ತ ಬೆಳೆದ ಒಂದಂಕಿಯ ಟ್ಯೂನಿಂಗ್ ಕಳಪೆ ಪದ್ಧತಿ. ಕಾರನ್ನು ಟ್ಯೂನಿಂಗಿಗೆ ಬಿಡುವವರು ಕುದುರೆಶಕ್ತಿಯ ಡೈನೋ ಶೀಟಿಗೆ ತೃಪ್ತರಾಗಬೇಡಿ, ಲಾಗ್ ಫೈಲನ್ನೂ ಕೇಳಿ ಪಡೆಯಿರಿ. ಕೊಡಲು ಹಿಂಜರಿಯುವ ಟ್ಯೂನರಿನ ಬಳಿ ಕಾರು ಬಿಡಬೇಡಿ.